ಪದಚರ್ಚೆ: ಗುಹೆಯೋ ಗವಿಯೋ? ‘ಕಾರ್ಸ್ಟ್’ಗೆ ಕನ್ನಡ ಬೇಕೇ?

ಪ್ರಶ್ನೆ (ಉಡುಪಿಯಿಂದ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಪದವಿ ವಿದ್ಯಾರ್ಥಿಗಳಿಗಾಗಿ ಭೂವಿಜ್ಞಾನದ ಮುಂದಿನ ಓದು, ಸಂಶೋಧನೆಗಳ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಅದರಲ್ಲಿ ಗುಹೆ ಮತ್ತು ಕಾರ್ಸ್ಟ್ ಅಧ್ಯಯನಕ್ಕೊಂದು ಅಧ್ಯಾಯವಿದೆ. ‘ಸ್ಪೀಲಿಯಾಲಜಿ’ಗೆ ಗುಹಾವಿಜ್ಞಾನ ಎನ್ನಬಹುದೇ? ‘ಕಾರ್ಸ್ಟ್’ಗೆ ‘ಸುಣ್ಣಕಲ್ಲಿನ ಭೂರಚನೆ’ ಸಾಕೇ? ಗುಹೆಯೊಳಗಿನ ದಾರಿಗೆ ‘ಸುರಂಗ’ ಎಂದಿದ್ದೇವೆ. ಚಾವಣಿಯಿಂದ ಇಳಿಬೀಳುವ ಸ್ಟಾಲಕ್ಟೈಟ್, ನೆಲದಿಂದ ಮೇಲೇಳುವ ಸ್ಟಾಲಗ್ಮೈಟ್‌ಗಳಿಗೆ ತೂಗುಗಲ್ಲು, ನಿಲುಗಲ್ಲು ಆದೀತೇ? ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ, ಲ್ಯಾಟರೈಟ್) ಗುಹೆಗಳನ್ನು ಕಾರ್ಸ್ಟ್‌ಗೆ ಉದಾಹರಣೆಯಾಗಿ ಕೊಟ್ಟಿದ್ದೇವೆ, ಅದೂ ಸರಿಯೇ ನೋಡಿ.

ಉತ್ತರ (ಮಂಗಳೂರಿನಿಂದ)

ಮೇಡಂ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದ ಪದಗಳು ಅದಕ್ಕೇ ತಗಲಿಕೊಂಡಿವೆ. ಮುರಕಲ್ಲಿನ ಗುಹೆಗಳು ಕಾರ್ಸ್ಟ್ ಅಲ್ಲ. ಕಾರ್ಸ್ಟ್ ಎಂದರೆ ಕಲ್ಲು ನೀರಿನಲ್ಲಿ ಕರಗಿ ರೂಪ ಪಡೆದ ನೆಲ. ಮಳೆನೀರು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ತೆಳು ಆಮ್ಲವಾಗುತ್ತದೆ, ಸುಣ್ಣಕಲ್ಲಿನ ಬಿರುಕುಗಳಿಗೆ ಇಳಿದು ಅವನ್ನು ಅಗಲಿಸುತ್ತದೆ. ನಮ್ಮಲ್ಲಿ ಮೇಲೆ ಗಟ್ಟಿ ಮುರಕಲ್ಲಿನ ಹಾಸು, ಅಡಿಯಲ್ಲಿ ಮೆತ್ತಗಿನ ಶೇಡಿ ಮಣ್ಣು (ಜೇಡಿ). ಮಳೆಗಾಲದ ಒಳಹರಿವು ಶೇಡಿಯನ್ನು ಕೊಚ್ಚಿಕೊಂಡು ಹೋಗುತ್ತದೆ, ಹಾಸು ಹಾಗೇ ನಿಲ್ಲುತ್ತದೆ, ನಡುವೆ ಪೊಳ್ಳು. ಇಲ್ಲಿ ಮುಖ್ಯ ಕೆಲಸ ಕರಗುವಿಕೆಯದಲ್ಲ, ಕೊರೆತದ್ದು. ‘ಹುಸಿಕಾರ್ಸ್ಟ್’ ಎಂದು ಬರೆಯಿರಿ. ಕಲ್ಲು ಯಾವುದೆಂಬ ಅನುಮಾನ ಬಂದಲ್ಲಿ ಶೇಕಡಾ 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಸಾಕು: ಸುಣ್ಣಕಲ್ಲು ಬುಸ್ಸೆಂದು ನೊರೆಯುತ್ತದೆ, ಮುರಕಲ್ಲು ಸುಮ್ಮನಿರುತ್ತದೆ. ಸುಣ್ಣಕಲ್ಲಿನಂತೆಯೇ ಕಾಣುವ, ಮೆಗ್ನೀಷಿಯಂ ಸೇರಿದ ಡಾಲಮೈಟ್ ಮಾತ್ರ ದಾರಿ ತಪ್ಪಿಸುತ್ತದೆ. ಅದನ್ನು ಕೆರೆದು ಪುಡಿ ಮಾಡಿದ ಮೇಲೆ ಹನಿ ಬಿಟ್ಟರೇ ನೊರೆ ಸರಿಯಾಗಿ ಕಾಣುವುದು.

‘ಸುಣ್ಣಕಲ್ಲಿನ ಭೂರಚನೆ’ ಸಾಲದು, ಜಿಪ್ಸಮ್‌ನಲ್ಲೂ ಕಲ್ಲುಪ್ಪಿನಲ್ಲೂ ಕಾರ್ಸ್ಟ್ ಆಗುತ್ತದೆ. ಅದು ಸ್ಥಳನಾಮ. ಸ್ಲೊವೇನಿಯಾ, ಇಟಲಿ ಗಡಿಯ ಪ್ರಸ್ಥಭೂಮಿಯೊಂದು ಸ್ಲೊವೇನಿಯನ್ನರಿಗೆ ಕ್ರಾಸ್, ಇಟಾಲಿಯನ್ನರಿಗೆ ಕಾರ್ಸೊ, ಜರ್ಮನ್ನರ ಬಾಯಲ್ಲಿ ಕಾರ್ಸ್ಟ್. ಹೆಸರನ್ನು ಹಾಗೇ ಉಳಿಸಿಕೊಳ್ಳೋಣ. ಕಾರ್ಸ್ಟ್ ನೆಲದ ತಗ್ಗಿಗೆ ಹೇಳುವ ‘ಡೋಲೀನ್’ ಕೂಡ ಅಲ್ಲಿಯದೇ, ಮೂಲದಲ್ಲಿ ಕಣಿವೆ ಎಂದರ್ಥ. ಅದಕ್ಕೆ ‘ಕುಸಿಗುಂಡಿ’ ಎಂಬ ಅನುವಾದ ತಪ್ಪು ಕಲಿಸುತ್ತದೆ. ಎಷ್ಟೋ ಡೋಲೀನ್‌ಗಳು ಕುಸಿದವಲ್ಲ, ನಿಧಾನಕ್ಕೆ ಕರಗಿ ತಗ್ಗಾದವು. ‘ಕರಗುತಗ್ಗು’, ‘ಕುಸಿತಗ್ಗು’ ಎಂದು ಎರಡು ಪದ ಇಟ್ಟರೆ ಕಾರಣವೂ ಪದದೊಳಗೇ ಬರುತ್ತದೆ.

‘ಸುರಂಗ’ ಖಂಡಿತ ಬೇಡ. ಪುತ್ತೂರು, ಬಂಟ್ವಾಳ, ಕಾಸರಗೋಡಿನ ಕಡೆಯವರಿಗೆ ಸುರಂಗವೆಂದರೆ ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡವಾಗಿ, ಪಿಕ್ಕಾಸಿನಲ್ಲಿ ಕೊರೆದದ್ದು. ನೀರೇ ಮಾಡಿಕೊಂಡ ದಾರಿಗೆ ‘ಓಣಿ’ ಎನ್ನಿ.

ಈಗ ಗುಹೆ, ಗವಿ. ಗುಹೆ ಎಂದೊಡನೆ ಬಾದಾಮಿ, ಅಜಂತಾ ಕಣ್ಣಮುಂದೆ ಬರುತ್ತವೆ, ಅವು ಉಳಿಯಲ್ಲಿ ಕಡಿದವು. ‘ಗುಹಾ ಸಂಶೋಧನೆ’ ಎಂದು ಹುಡುಕುವ ವಿದ್ಯಾರ್ಥಿ ಸೀದಾ ಪುರಾತತ್ವಕ್ಕೆ ಹೋಗಿ ತಲುಪುತ್ತಾನೆ. ತಾನಾಗಿ ಆದದ್ದಕ್ಕೆ ಗವಿ ಎನ್ನುವುದೇ ಒಳ್ಳೆಯದು. ಉತ್ತರ ಕನ್ನಡದ ಅಕಳಗವಿಯ ಹೆಸರಲ್ಲೇ ಅದಿದೆ. ಅಲ್ಲಿನ ಒಂದು ಸ್ಟಾಲಗ್ಮೈಟ್‌ನಿಂದ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು 331 ವರ್ಷಗಳ ಮಳೆಯ ಏರಿಳಿತ ಓದಿ 2004ರಲ್ಲಿ ಪ್ರಕಟಿಸಿದರು. ಮೇಘಾಲಯದ ಹೆಸರುಗಳಲ್ಲಿ ಬರುವ ‘ಕ್ರೆಮ್’ ಖಾಸಿ ಭಾಷೆಯ ಗವಿ. ‘ಕ್ರೆಮ್ ಲಿಯಾಟ್ ಪ್ರಾ ಗುಹೆ’ ಎಂದರೆ ಗವಿ ಎರಡು ಸಲ ಬಂದಂತೆ.

‘ನಿಲುಗಲ್ಲು’ ಬಳಸಿದರೆ ಶಿವಮೊಗ್ಗ ಜಿಲ್ಲೆಯ ನಿಲಸುಕಲ್ಲಿನ ಬೃಹತ್ ಶಿಲಾಸಮಾಧಿ ಕಾಲದ ನೆಟ್ಟ ಕಲ್ಲುಗಳ ಜೊತೆ ಕಲಸಿಹೋಗುತ್ತದೆ. ಎರಡಕ್ಕೂ ಸೇರಿಸಿ ‘ಹನಿಗಲ್ಲು’, ಮೇಲಿನದು ‘ತೂಗುಗಲ್ಲು’, ಕೆಳಗಿನದು ‘ಏರುಗಲ್ಲು’ ಎಂದಿಟ್ಟರೆ ಹೇಗೆ? ಈ ವ್ಯತ್ಯಾಸ ಬರೀ ಹೆಸರಿನದಲ್ಲ. ಏರುಗಲ್ಲಿನ ಪದರಗಳು ಹಂಚು ಪೇರಿಸಿದಂತೆ ಒಂದರ ಮೇಲೊಂದು ಕೂರುತ್ತವೆ, ತೂಗುಗಲ್ಲು ನಳಿಗೆಯ ಸುತ್ತ ಬೆಳೆಯುತ್ತದೆ. ಆದ್ದರಿಂದ ಹಳೆಯ ಮಳೆ ಹುಡುಕುವವರು ಏರುಗಲ್ಲನ್ನೇ ಆರಿಸಿ, ಉದ್ದಕ್ಕೆ ಸೀಳಿ, ನಯಗೊಳಿಸಿ, ಬೆಳವಣಿಗೆಯ ಅಕ್ಷದ ಮೇಲೆ ಪುಡಿ ಕೊರೆಯುತ್ತಾರೆ. ಹಳೆಯ ಮಳೆಯ ಸುಳಿವು ಕೊಡುವ ಆಮ್ಲಜನಕದ ಸಮಸ್ಥಾನಿಗಳಿಗೆ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಸುಮಾರು 100 ಮೈಕ್ರೋಗ್ರಾಂ ಸಾಕು, ಯುರೇನಿಯಂ-ಥೋರಿಯಂ ಕಾಲನಿರ್ಣಯಕ್ಕೆ ಹತ್ತಾರು ಮಿಲಿಗ್ರಾಂನಿಂದ ಕೆಲವು ನೂರು ಮಿಲಿಗ್ರಾಂ. ಈ ವಿಧಾನ ಸುಮಾರು 6 ಲಕ್ಷ ವರ್ಷಗಳ ತನಕ ನಡೆಯುತ್ತದೆ. ಕೆಡುವುದು ಜೇಡಿಯಿಂದ: ಜೇಡಿಯೊಡನೆ ಬಂದ ಥೋರಿಯಂ ಲೆಕ್ಕಕ್ಕೆ ಸೇರಿ ಕಲ್ಲಿನ ವಯಸ್ಸು ಹೆಚ್ಚು ತೋರುತ್ತದೆ. ನಡುವೆ ಹನಿ ನಿಂತ ವರ್ಷಗಳನ್ನು ಗಮನಿಸದಿದ್ದರೂ ಲೆಕ್ಕ ತಪ್ಪುತ್ತದೆ. ಮೇಘಾಲಯದ ಮಾವ್‌ಮ್ಲುಹ್ ಗವಿಯ ಏರುಗಲ್ಲನ್ನೇ ಆಧಾರವಾಗಿಟ್ಟು, 4,200 ವರ್ಷಗಳ ಹಿಂದೆ ಶುರುವಾದ ಭೂಇತಿಹಾಸದ ಯುಗಕ್ಕೆ 2018ರಲ್ಲಿ ‘ಮೇಘಾಲಯನ್’ ಎಂಬ ಹೆಸರು ಅಧಿಕೃತವಾಯಿತು.

ಈ ಕಾರಣಕ್ಕೆ ಕೈಪಿಡಿಯಲ್ಲಿ ವಿಷಯದ ಹೆಸರಿನ ಪಕ್ಕ ವಿಧಾನದ ಹೆಸರೂ ಬೇಕು. ‘ಗವಿವಿಜ್ಞಾನ’ ಎಂದೊಂದೇ ಬರೆದರೆ ಅರ್ಜಿ ಹಾಕಲು ವಿಭಾಗ ಸಿಗುವುದು ಕಷ್ಟ. ಸಮಸ್ಥಾನಿ ಭೂರಸಾಯನ, ಪ್ರಾಚೀನ ಹವಾಗುಣ, ಅಂತರ್ಜಲ ಭೂವಿಜ್ಞಾನ, ಗವಿಜೀವಿಗಳ ಪರಿಸರ ಎಂದು ಬಿಡಿಸಿ ಬರೆಯಿರಿ. ಮಂಗಳಗಂಗೋತ್ರಿಯ (ಮಂಗಳೂರು ವಿಶ್ವವಿದ್ಯಾಲಯ) ಸಾಗರ ಭೂವಿಜ್ಞಾನದ ಎಂಎಸ್ಸಿ ಒಂದು ಒಳ್ಳೆಯ ತಳಪಾಯ. ಮುಂದಕ್ಕೆ ಅಹಮದಾಬಾದಿನ ಆ ಪ್ರಯೋಗಾಲಯ ಇದೆ, ಲಖನೌದ ಬೀರಬಲ್ ಸಾಹ್ನಿ ಪುರಾವಿಜ್ಞಾನ ಸಂಸ್ಥೆ ಇದೆ. ನೆಟ್ ಅಥವಾ ಗೇಟ್ ಅಂಕ ಕೈಯಲ್ಲಿರಲಿ. ಕಾರ್ಸ್ಟ್ ಎಂಬ ಹೆಸರಿನಲ್ಲೇ ಡಾಕ್ಟರೇಟ್ ಬೇಕೆಂದರೆ ಸ್ಲೊವೇನಿಯಾದ ನೋವಾ ಗೊರಿತ್ಸಾ ವಿಶ್ವವಿದ್ಯಾಲಯದ ‘ಕಾರ್ಸ್ಟಾಲಜಿ’ ಇದೆ. ಅದೇ ದೇಶದ ಪೋಸ್ಟೋಯ್ನಾದಲ್ಲಿ 1947ರಿಂದ ಕಾರ್ಸ್ಟ್ ಸಂಶೋಧನಾ ಸಂಸ್ಥೆ ಇದೆ. ಪ್ರತಿವರ್ಷ ಜೂನ್‌ನಲ್ಲಿ ಅಲ್ಲಿ ನಡೆಯುವ ಅಂತರರಾಷ್ಟ್ರೀಯ ಕಾರ್ಸ್ಟ್ ಶಾಲೆಯನ್ನೂ ಸೇರಿಸಿ.

ಹೀಗಾಗಿ ಅಧ್ಯಾಯದ ತಲೆಬರಹ ‘ಗವಿ ಮತ್ತು ಕಾರ್ಸ್ಟ್ ಅಧ್ಯಯನ’ ಇರಲಿ. ಮುರಕಲ್ಲಿನ ಉದಾಹರಣೆಯನ್ನು ತೆಗೆದುಹಾಕಬೇಡಿ, ಹುಸಿಕಾರ್ಸ್ಟ್ ವಿವರಿಸುವಲ್ಲಿಗೆ ಸರಿಸಿ. ಇಲ್ಲಿನ ಹುಡುಗರು ಕೈಯಿಟ್ಟು ಮುಟ್ಟಬಲ್ಲ ಉದಾಹರಣೆ ಅದು.