ಡಿಪ್ರೆಶನ್‌ಗೆ ವಾಕಿಂಗ್ ಸಾಕಾ, ಮಾತ್ರೆ ಬಿಟ್ಟರೆ ನಡೆಯುತ್ತಾ?

ಕುಕ್ಕರಹಳ್ಳಿ_ಕಡೆಯವನು:
ನಮಸ್ಕಾರ. ವಯಸ್ಸು 34, ಮೈಸೂರು, ಮನೆಯಿಂದಲೇ ಅಕೌಂಟ್ಸ್ ಕೆಲಸ. ಡಾಕ್ಟರು ಡಿಪ್ರೆಶನ್ ಅಂತ ಹೇಳಿ ಸರ್ಟ್ರಲೀನ್ ಬರೆದುಕೊಟ್ಟು ಆರು ವಾರ ಆಯ್ತು. ಸುಮ್ಸುಮ್ನೆ ಅಳು ಬರೋದು ನಿಂತಿದೆ, ನಿದ್ದೆ ಪರವಾಗಿಲ್ಲ, ಆದರೆ ಬೆಳಿಗ್ಗೆ ಏಳೋದು ಮಾತ್ರ ಇನ್ನೂ ಬೆಟ್ಟ ಹತ್ತಿದ ಹಾಗೆ. ಹಲ್ಲುಜ್ಜೋಕೆ ಹನ್ನೊಂದು ಗಂಟೆ ಆಗುತ್ತೆ. ಈಗ ನಮ್ಮ ಭಾವ ಗಂಟುಬಿದ್ದಿದ್ದಾರೆ. "ಆ ಮಾತ್ರೆ ಬಿಸಾಕು, ನನ್ನ ಜೊತೆ ಜಿಮ್‌ಗೆ ಬಾ, ಬೆವರು ಇಳಿದರೆ ಎಲ್ಲಾ ಸರಿಹೋಗುತ್ತೆ" ಅಂತಾರೆ. ಅಮ್ಮನೂ ಅವರ ಕಡೆಗೇ. ವ್ಯಾಯಾಮದಿಂದ ನಿಜವಾಗ್ಲೂ ವಾಸಿ ಆಗುತ್ತಾ? ಆಗುತ್ತೆ ಅಂದ್ರೆ, ಮಂಚದಿಂದ ಇಳಿಯೋಕೇ ಆಗದವನು ಎಲ್ಲಿಂದ ಶುರು ಮಾಡಬೇಕು?

ಓದೋ_ಚಟ:
ನಿಮ್ಮ ಭಾವ ಹೇಳಿದ್ದರಲ್ಲಿ ಅರ್ಧ ನಿಜ. ಆ ಅರ್ಧದ ಮೇಲೇ ಒಳ್ಳೆ ಅಧ್ಯಯನ ಆಗಿದೆ, ಅದೂ ನಿಮ್ಮದೇ ಮಾತ್ರೆ ಇಟ್ಟುಕೊಂಡು. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ತಂಡ, ಡಿಪ್ರೆಶನ್ ಇದ್ದ 156 ಜನರನ್ನ ಮೂರು ಗುಂಪು ಮಾಡಿತು. ಎಲ್ಲರೂ 50 ವರ್ಷ ಅಥವಾ ಅದಕ್ಕಿಂತ ಜಾಸ್ತಿ ವಯಸ್ಸಿನವರು. ಒಂದು ಗುಂಪಿಗೆ ಸರ್ಟ್ರಲೀನ್, ಇನ್ನೊಂದಕ್ಕೆ ವಾರಕ್ಕೆ ಮೂರು ದಿನ ಬಿರುಸು ನಡಿಗೆ ಇಲ್ಲವೇ ಓಟ, ಮೂರನೆಯದಕ್ಕೆ ಎರಡೂ. 16 ವಾರ ಆದಮೇಲೆ ನೋಡಿದರೆ ಮೂರೂ ಗುಂಪು ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿ ಚೇತರಿಸಿಕೊಂಡಿದ್ದವು. ಮೊದಲ ಕೆಲವು ವಾರ ಮಾತ್ರ ಮಾತ್ರೆಯವರು ಮುಂದಿದ್ದರು.

ಆದರೆ ಅವರು ಯಾರೂ ಒಬ್ಬೊಬ್ಬರೇ ನಡೆದವರಲ್ಲ. ಗುಂಪಿನಲ್ಲಿ, ಹೇಳಿಕೊಡೋರ ಎದುರಿಗೆ, ಗೊತ್ತಾದ ಹೊತ್ತಿಗೆ. ಬ್ರಿಟನ್‌ನಲ್ಲಿ 361 ರೋಗಿಗಳ ಮೇಲೆ ಇನ್ನೊಂದು ಅಧ್ಯಯನ ಆಯ್ತು, 2012ರಲ್ಲಿ ಬಂತು. ಅಲ್ಲಿ ಕೊಟ್ಟಿದ್ದು ಸಲಹೆ ಮತ್ತು ಪ್ರೋತ್ಸಾಹ, ವ್ಯಾಯಾಮ ಅವರವರೇ ಮಾಡಿಕೊಳ್ಳಬೇಕು. ಮಾಮೂಲಿ ಚಿಕಿತ್ಸೆ ಜೊತೆ ಇದನ್ನ ಸೇರಿಸಿದ್ದರಿಂದ ಡಿಪ್ರೆಶನ್‌ನಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ. 2024ರಲ್ಲಿ 218 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ನಡಿಗೆ, ಓಟ, ಯೋಗ, ತೂಕ ಎತ್ತೋದು ಎಲ್ಲಕ್ಕೂ ಒಳ್ಳೆ ಫಲ ಸಿಕ್ಕಿದೆ. ಅದರಲ್ಲೂ ಎಷ್ಟೋ ಪ್ರಯೋಗಗಳ ಗುಣಮಟ್ಟ ಅಷ್ಟಕ್ಕಷ್ಟೇ ಅಂತ ಬರೆದವರೇ ಒಪ್ಪಿಕೊಂಡಿದ್ದಾರೆ.

ಹಾವೇರಿ_ಹುಡುಗಿ:
ಬೆವರು ಇಳಿದರೆ ಸರಿಹೋಗುತ್ತೆ ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ನಮ್ಮಪ್ಪ ಹುಟ್ಟಿದಾಗಿಂದ ಹೊಲದಲ್ಲಿ ದುಡಿದವರು. ಮೆಕ್ಕೆಜೋಳದ ಚೀಲ ಬೆನ್ನ ಮೇಲೆ ಹೊತ್ತು ಟ್ರ್ಯಾಕ್ಟರ್‌ಗೆ ಏರಿಸೋರು. ಅವರಿಗೂ ಬಂತು. ಬೆವರಿಗೇನು ಬರ ಇತ್ತಾ? ಎತ್ತು ಬಿಚ್ಚಿ ಕಟ್ಟೆ ಮೇಲೆ ಕೂತವರು ಕತ್ತಲಾದರೂ ಏಳ್ತಿರಲಿಲ್ಲ, ಅವ್ವ ಹೋಗಿ ಕೈ ಹಿಡಿದು ಕರ್ಕೊಂಡು ಬರಬೇಕಿತ್ತು. ಮಾತ್ರೆ ಶುರು ಮಾಡಿದ ಮೇಲೆ ಮನುಷ್ಯ ಆದರು. ಸಾಲದ ಚಿಂತೆಯಲ್ಲಿ ಮಾಡೋ ದುಡಿಮೆ ಬೇರೆ, ತನಗೋಸ್ಕರ ಒಂದರ್ಧ ಗಂಟೆ ನಡೆಯೋದು ಬೇರೆ ಅಲ್ವಾ. ಈಗ ಸಂಜೆ ದೇವಸ್ಥಾನದವರೆಗೆ ಗೆಳೆಯರ ಜೊತೆ ನಡೆದು ಬರ್ತಾರೆ. ಅದು ಅವರಿಗೆ ಹಿಡಿಸಿದೆ. ಮಾತ್ರೆಯೂ ನಡೀತಿದೆ.

ವಾರ್ಡ್_ನೈಟ್‌ಶಿಫ್ಟ್:
ನಾನು ನರ್ಸ್, ಡಾಕ್ಟರ್ ಅಲ್ಲ. ಒಂದೇ ಮಾತು: ಮಾತ್ರೆಯನ್ನ ನೀವಾಗೇ ನಿಲ್ಲಿಸಬೇಡಿ. ಸರ್ಟ್ರಲೀನ್ ಥಟ್ಟನೆ ಬಿಟ್ಟರೆ ತಲೆ ಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗೋದು, ಇದೆಲ್ಲ ಕೆಲವರಿಗೆ ಬರುತ್ತೆ. ಬಿಡೋದಾದರೆ ಡಾಕ್ಟರೇ ಹಂತಹಂತವಾಗಿ ಇಳಿಸ್ತಾರೆ. ಆರು ವಾರ ಆದಮೇಲೂ ಏಳೋಕಾಗ್ತಿಲ್ಲ ಅನ್ನೋದನ್ನೂ ಅವರಿಗೆ ಹೇಳಿ. ಡೋಸ್ ನೋಡಬೇಕಾಗಬಹುದು, ಥೈರಾಯ್ಡ್, ಬಿ12 ಪರೀಕ್ಷೆ ಆಗಿದೆಯಾ ಕೇಳಿ. ಬದುಕೇ ಬೇಡ ಅನ್ನಿಸಿದರೆ ಹೊತ್ತು ನೋಡಬೇಡಿ, 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ನಂದಿನಿ_ಬೂತ್‌ವರೆಗೆ:
ನಿಮ್ಮ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಮೂರು ವರ್ಷದ ಹಿಂದೆ ನಾನೂ ಅದೇ ಮಂಚದ ಮೇಲೆ ಇದ್ದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅಂತ ಶುರು ಮಾಡಿ ಎರಡೇ ದಿನಕ್ಕೆ ಬಿಟ್ಟೆ, ಬಿಟ್ಟಿದ್ದಕ್ಕೆ ಇನ್ನೂ ನಾಚಿಕೆ ಆಯ್ತು. ಆಮೇಲೆ ಹೆಂಡತಿ ಹಾಲು ತರೋ ಕೆಲಸ ನನಗೆ ವಹಿಸಿದಳು. ಬೂತ್ ಇರೋದು ನಾಲ್ಕೇ ಮನೆ ಆಚೆ. ರಾತ್ರಿಯೇ ಚಪ್ಪಲಿ ಮಂಚದ ಪಕ್ಕ ಇಡ್ತಿದ್ದೆ, ಚಿಲ್ಲರೆ ಅಂಗಿ ಜೇಬಿನಲ್ಲಿ. ಯೋಚನೆ ಮಾಡೋಕೆ ಏನೂ ಉಳಿಸಬಾರದು, ಯೋಚನೆ ಶುರುವಾಯ್ತು ಅಂದ್ರೆ ಮತ್ತೆ ಮಲಗಿಬಿಡ್ತೀವಿ. ಮನಸ್ಸು ಬಂದಮೇಲೆ ಏಳೋಣ ಅಂತ ಕಾದರೆ ಅದು ಬರೋದೇ ಇಲ್ಲ ಕಣ್ರೀ, ಎದ್ದಮೇಲೆ ಬರುತ್ತೆ, ಅದೂ ದಿನಾ ಅಲ್ಲ. ಒಂದು ತಿಂಗಳು ಬರೀ ಹಾಲು. ಆಮೇಲೆ ಪಾರ್ಕಿಗೆ ಒಂದು ಸುತ್ತು. ನಿಮ್ಮ ಭಾವನನ್ನ ಬಿಡಬೇಡಿ. ಬಾಗಿಲಿಗೆ ಬಂದು ಕರೆಯೋ ಮನುಷ್ಯ ಎಲ್ಲರಿಗೂ ಸಿಗಲ್ಲ. ಮಾತ್ರೆ ವಿಷಯ ಬಿಟ್ಟು, ಜಿಮ್ ಬೇಡ, ಕೆರೆ ಕಡೆ ಹೋಗೋಣ ಅಂತ ಹೇಳಿ ನೋಡಿ.

ಕುಕ್ಕರಹಳ್ಳಿ_ಕಡೆಯವನು:
ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೀತಿದ್ದೀನಿ. ಡಾಕ್ಟರ್ ಹತ್ರ ಹೋಗಿದ್ದೆ, ಭಾವನೂ ಜೊತೆಗೆ ಬಂದಿದ್ದರು. ಡೋಸ್ ಸ್ವಲ್ಪ ಜಾಸ್ತಿ ಮಾಡಿದ್ದಾರೆ, ರಕ್ತಪರೀಕ್ಷೆಗೆ ಬರೆದಿದ್ದಾರೆ. ನಡೆಯೋದಕ್ಕೆ ಅವರೂ ಹೂಂ ಅಂದರು, ಮಾತ್ರೆ ಬಿಡೋದಕ್ಕೆ ಖಡಾಖಂಡಿತ ಬೇಡ ಅಂದರು. ಭಾವ ಹೊರಗೆ ಬಂದು "ನಾನು ಸುಮ್ನೆ ಮಾತಿಗೆ ಹೇಳಿದ್ದಪ್ಪ" ಅಂದ್ರು. ನಿನ್ನೆ ಕೆರೆ ಏರಿ ಮೇಲೆ ಅರ್ಧ ದಾರಿ ಹೋದ್ವಿ, ಆಮೇಲೆ ನನಗೆ ಸಾಕಾಯ್ತು. ಪೆಲಿಕನ್ ನೋಡ್ತಾ ಕಲ್ಲು ಬೆಂಚಿನ ಮೇಲೆ ಕೂತ್ವಿ. ಇವತ್ತು ಹೋಗಲಿಲ್ಲ. ನಾಳೆ ಆರೂವರೆಗೆ ಬಂದು ಹಾರ್ನ್ ಹೊಡೀತೀನಿ ಅಂದಿದ್ದಾರೆ, ಶೂ ಮಂಚದ ಪಕ್ಕ ಇಟ್ಟಿದ್ದೀನಿ.