ಪಿಕಪ್ ಟ್ರಕ್ಕಿಗೆ ಪ್ರೀಮಿಯಂ ಗ್ಯಾಸ್ (ಪೆಟ್ರೋಲ್): ಕೊಟ್ಟ ದುಡ್ಡಿಗೆ ಲಾಭ ಇದೆಯಾ?

ಪ್ರಶ್ನೆ: ನಮಸ್ಕಾರ ಸರ್. ಇತ್ತೀಚೆಗೆ ಒಂದು ಸೆಕೆಂಡ್ ಹ್ಯಾಂಡ್ ಶೆವಿ ಸಿಲ್ವರಾಡೊ ತಗೊಂಡೆ, 5.3 ಲೀಟರ್ ವಿ8 ಎಂಜಿನ್. ಆಫೀಸಿಗೆ ಓಡಾಡ್ತೀನಿ, ವೀಕೆಂಡ್‌ನಲ್ಲಿ ಮರ, ಮಣ್ಣು ಅಂತ ಏನಾದರೂ ಹೇರಿಕೊಂಡು ಬರ್ತೀನಿ. ಮಾರಿದವರು "ಪ್ರೀಮಿಯಂ ಗ್ಯಾಸೇ ಹಾಕಿ, ಎಂಜಿನ್ ತುಂಬಾ ವರ್ಷ ಬಾಳುತ್ತೆ" ಅಂದರು. ಪಂಪ್‌ನಲ್ಲಿ ನೋಡಿದರೆ ರೆಗ್ಯುಲರ್ 87ಕ್ಕೂ ಪ್ರೀಮಿಯಂ 93ಕ್ಕೂ ಗ್ಯಾಲನ್ ಮೇಲೆ ಡಾಲರ್ ಹತ್ತಿರ ವ್ಯತ್ಯಾಸ. ನಿಜವಾಗಲೂ ಹಾಕಬೇಕಾ?

ಉತ್ತರ: ಬೇಡ. ನಿಮ್ಮ 5.3 ಎಂಜಿನ್ 87ಕ್ಕೇ ಮಾಡಿದ್ದು. ಮ್ಯಾನ್ಯುಯಲ್‌ನಲ್ಲಿ ಇಂಧನದ ಪುಟ ತೆಗೆದು ನೋಡಿ, ರೆಗ್ಯುಲರ್ ಅಂತಲೇ ಇರುತ್ತೆ. ಪ್ರೀಮಿಯಂ ಹಾಕಿದರೆ ಕೆಡುವುದೇನೂ ಇಲ್ಲ, ಆದರೆ ಎಂಜಿನ್ ಬಾಳಿಕೆಯೂ ಅದರಿಂದ ಹೆಚ್ಚಾಗಲ್ಲ. ಆ ದುಡ್ಡಲ್ಲಿ ಎಂಜಿನ್ ಆಯಿಲ್ ಸ್ವಲ್ಪ ಬೇಗ ಬದಲಾಯಿಸಿ. ಈ ಎಂಜಿನ್‌ಗಳಲ್ಲಿ ನಾನು ನೋಡುವ ತೊಂದರೆಗಳು ವಾಲ್ವ್ ಎತ್ತುವ ಲಿಫ್ಟರ್‌ದು, ಆಯಿಲ್‌ದು. ಗ್ಯಾಸ್‌ದಲ್ಲ.

ಅಮೆರಿಕದಲ್ಲಿ ಈ ತಪ್ಪು ತಿಳಿವಳಿಕೆಗೆ ಎಷ್ಟು ದುಡ್ಡು ಹೋಗುತ್ತೆ ಗೊತ್ತಾ? ಟ್ರಿಪಲ್ ಎ ಅನ್ನುವ ವಾಹನ ಸವಾರರ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತ್ತು. ರೆಗ್ಯುಲರ್ ಸಾಕಾಗುವ ಗಾಡಿಗಳಿಗೆ ಪ್ರೀಮಿಯಂ ಹಾಕಿ ಜನ ಒಂದೇ ವರ್ಷದಲ್ಲಿ 210 ಕೋಟಿ ಡಾಲರ್‌ಗೂ ಜಾಸ್ತಿ ಪೋಲು ಮಾಡಿದ್ದರು. ಅದೇ ವೇಳೆ ರೆಗ್ಯುಲರ್‌ಗೆ ಮಾಡಿದ ಎಂಜಿನ್‌ಗಳಿಗೆ ಪ್ರೀಮಿಯಂ ಹಾಕಿ ಪರೀಕ್ಷೆಯನ್ನೂ ಮಾಡಿದರು. ಪವರ್, ಮೈಲೇಜ್, ಹೊಗೆ, ಯಾವುದರಲ್ಲೂ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ.

ಪ್ರಶ್ನೆ: ಒಂದು ಅನುಮಾನ ಸರ್. ನಂಬರ್ ಜಾಸ್ತಿ ಅಂದ್ರೆ ಗ್ಯಾಸ್‌ನಲ್ಲಿ ಶಕ್ತಿ ಜಾಸ್ತಿ ಅಂತ ಅಲ್ವಾ? ಇಲ್ಲದಿದ್ದರೆ ಯಾಕೆ ಜಾಸ್ತಿ ದುಡ್ಡು ತಗೋತಾರೆ?

ಉತ್ತರ: ಅಲ್ಲ. ಒಂದು ಗ್ಯಾಲನ್ 87ರಲ್ಲಿ ಇರುವ ಶಕ್ತಿಯೂ ಒಂದು ಗ್ಯಾಲನ್ 93ರಲ್ಲಿ ಇರುವ ಶಕ್ತಿಯೂ ಹೆಚ್ಚು ಕಡಿಮೆ ಒಂದೇ. ಆಕ್ಟೇನ್ ನಂಬರ್ ಹೇಳುವುದು ಬೇರೆ ವಿಷಯ. ಒತ್ತಡ ಮತ್ತು ಬಿಸಿ ಏರಿದಾಗ ಆ ಗ್ಯಾಸ್ ಸ್ಪಾರ್ಕ್ ಬರುವವರೆಗೆ ಎಷ್ಟು ತಾಳಿಕೊಳ್ಳುತ್ತೆ ಅನ್ನುವುದನ್ನು.

ಸಿಲಿಂಡರ್ ಒಳಗೆ ಗಾಳಿ ಮತ್ತು ಗ್ಯಾಸ್ ಮಿಶ್ರಣವನ್ನು ಪಿಸ್ಟನ್ ಒತ್ತುತ್ತೆ. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಒಂದು ಕಡೆಯಿಂದ ಹರಡುತ್ತಾ ಹೋಗಬೇಕು. ಲೋಡ್ ಜಾಸ್ತಿ ಇದ್ದಾಗ, ಸೆಕೆಯಲ್ಲಿ, ಆ ಬೆಂಕಿ ಇನ್ನೂ ತಲುಪದ ಮೂಲೆಯ ಮಿಶ್ರಣ ತಾನಾಗಿ ಧಗ್ಗಂತ ಹತ್ತಿಕೊಳ್ಳುತ್ತೆ. ಅದಕ್ಕೇ ನಾಕಿಂಗ್ ಅನ್ನುವುದು. ಹೊರಗೆ ಕೇಳಿಸುವುದು ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಹೀಗೆ ಜೋರಾಗಿ ಬಹಳ ಹೊತ್ತು ಆದರೆ ಪಿಸ್ಟನ್, ರಿಂಗ್ ಹಾಳಾಗುತ್ತವೆ.

ಈಗಿನ ಟ್ರಕ್‌ಗಳಲ್ಲಿ ಎಂಜಿನ್ ಬ್ಲಾಕ್ ಮೇಲೆ ನಾಕ್ ಸೆನ್ಸರ್ ಇರುತ್ತೆ. ನಿಮ್ಮ ಕಿವಿಗೆ ಕೇಳುವ ಮೊದಲೇ ಅದಕ್ಕೆ ಕಂಪನ ಗೊತ್ತಾಗುತ್ತೆ. ತಕ್ಷಣ ಕಂಪ್ಯೂಟರ್ ಸ್ಪಾರ್ಕನ್ನು ಸ್ವಲ್ಪ ತಡ ಮಾಡುತ್ತೆ. ಎಂಜಿನ್ ಬಚಾವ್, ಆದರೆ ಪವರ್ ಒಂಚೂರು ಕಡಿಮೆ. ಪ್ರೀಮಿಯಂನಿಂದ ಏನಾದರೂ ಲಾಭ ಇದ್ದರೆ ಅದು ಇಲ್ಲೇ. ಸ್ಪಾರ್ಕ್ ತಡ ಮಾಡುವ ಪ್ರಸಂಗವೇ ಬರದಿದ್ದರೆ, ಲಾಭವೂ ಇಲ್ಲ.

ಪ್ರಶ್ನೆ: ಅಣ್ಣ, ನಂದು ಫೋರ್ಡ್ ಎಫ್-150, 3.5 ಇಕೋಬೂಸ್ಟ್. ಇರೋದು ಟೆಕ್ಸಾಸ್‌ನಲ್ಲಿ. ಬೇಸಿಗೆಯಲ್ಲಿ ಕ್ಯಾಂಪರ್ ಟ್ರೈಲರ್ ಎಳ್ಕೊಂಡು ಕೊಲರಾಡೊ ಕಡೆ ಹೋಗ್ತೀವಿ. ಮಿಕ್ಕ ದಿನ ಮಕ್ಕಳನ್ನ ಸ್ಕೂಲಿಗೆ ಬಿಡೋದು, ಅಂಗಡಿಗೆ ಹೋಗೋದು ಅಷ್ಟೇ. ನನಗೂ ಇದೇ ಉತ್ತರಾನಾ?

ಉತ್ತರ: ಇಲ್ಲ, ನಿಮ್ಮದು ಬೇರೆ ಕಥೆ.

ನಿಮ್ಮ ಎಂಜಿನ್‌ನಲ್ಲಿ ಎರಡು ಟರ್ಬೊ ಇವೆ. ಟರ್ಬೊ ಅಂದರೆ ಗಾಳಿಯನ್ನು ಒತ್ತಿ ಒಳಗೆ ತುಂಬುವುದು. ಒತ್ತಿದಷ್ಟೂ ಬಿಸಿ, ಬಿಸಿ ಆದಷ್ಟೂ ನಾಕಿಂಗ್ ಹತ್ತಿರ. ಫೋರ್ಡ್‌ನವರು 87 ಹಾಕಬಹುದು ಅಂತಾರೆ. ಜೊತೆಗೇ, ಒಳ್ಳೆಯ ಪರ್ಫಾರ್ಮೆನ್ಸ್ ಬೇಕಾದರೆ 91 ಅಥವಾ ಮೇಲಿನದು ಹಾಕಿ, ಸೆಕೆಯಲ್ಲಿ ಮತ್ತು ಟ್ರೈಲರ್ ಎಳೆಯುವಾಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ ಅಂತ ಅವರ ಮ್ಯಾನ್ಯುಯಲ್ಲೇ ಹೇಳುತ್ತೆ. ನಿಮ್ಮ ಬೇಸಿಗೆ ಟ್ರಿಪ್‌ನಲ್ಲಿ ಇವೆರಡೂ ಒಟ್ಟಿಗೆ ಇವೆ.

ನಂಬಿಕೆ ಬರಬೇಕಾದರೆ ಗಾಡಿಯ ಕಂಪ್ಯೂಟರ್ ಓದುವ ಒಂದು ಅಗ್ಗದ ಓಬಿಡಿ ಸ್ಕ್ಯಾನರ್ ತಗೊಂಡು ಡ್ಯಾಶ್ ಕೆಳಗಿನ ಪೋರ್ಟಿಗೆ ಚುಚ್ಚಿ, ಫೋನಿನಲ್ಲಿ ಆ್ಯಪ್ ತೆರೆಯಿರಿ. ಎಲ್ಲ ಆ್ಯಪ್‌ಗಳೂ ತೋರಿಸಲ್ಲ, ಆದರೆ ಫೋರ್ಡ್‌ಗೆ ಅಂತಲೇ ಮಾಡಿದವುಗಳಲ್ಲಿ ನಾಕ್‌ಗಾಗಿ ಸ್ಪಾರ್ಕ್ ಎಷ್ಟು ಡಿಗ್ರಿ ಹಿಂದೆ ಹೋಗಿದೆ ಅಂತ ಒಂದು ಸಾಲು ಬರುತ್ತೆ. ಖಾಲಿ ಟ್ರಕ್, ಸಮತಟ್ಟು ರಸ್ತೆ, ಕ್ರೂಸ್ ಕಂಟ್ರೋಲ್ ಹಾಕಿದಾಗ ಆ ನಂಬರ್ ಸುಮ್ನೆ ಇರುತ್ತೆ. ಅದೇ ಟ್ರೈಲರ್ ಕಟ್ಟಿಕೊಂಡು ಮಧ್ಯಾಹ್ನ ಮೂರು ಗಂಟೆಗೆ ಏರು ಹತ್ತುವಾಗ ನೋಡಿ. 87ರಲ್ಲಿ ಅದು ಹಿಂದಕ್ಕೆ ಜಾರುತ್ತಾ ಹೋಗುತ್ತೆ, ಗೇರ್ ಒಂದು ಕೆಳಗೆ ಇಳಿಯುತ್ತೆ, ಎಂಜಿನ್ ಕೂಗಾಟ ಶುರು. 93 ಇದ್ದಾಗ ಅದೇ ಏರಿನಲ್ಲಿ ಅಷ್ಟು ಜಾರಲ್ಲ. ನಾನು ಗಿರಾಕಿಗಳಿಗೆ ಬಾಯಲ್ಲಿ ಹೇಳುವುದಕ್ಕಿಂತ ಇದನ್ನೇ ತೋರಿಸುತ್ತೇನೆ.

ಹಾಗಾಗಿ ಸ್ಕೂಲು, ಅಂಗಡಿಗೆ 87. ಟ್ರೈಲರ್ ಕಟ್ಟುವ ವಾರ ಪ್ರೀಮಿಯಂ. ಒಂದು ಮಾತು: ಹೊರಡುವ ದಿನ ಬೆಳಿಗ್ಗೆ ಅರ್ಧ ಟ್ಯಾಂಕ್ 87 ಇರುವಾಗ ಮೇಲೆ 93 ತುಂಬಿಸಿದರೆ ಒಳಗೆ ಸುಮಾರು 90 ಆಗುತ್ತೆ, ಅಷ್ಟೇ. ಹಿಂದಿನ ದಿನಗಳಲ್ಲೇ ಟ್ಯಾಂಕ್ ಕೆಳಗೆ ಬರುವ ತನಕ ಓಡಿಸಿ, ಆಮೇಲೆ ತುಂಬಿಸಿ. ಕಂಪ್ಯೂಟರ್‌ಗೂ ಹೊಸ ಗ್ಯಾಸ್ ಅರ್ಥ ಮಾಡಿಕೊಳ್ಳಲು ಸ್ವಲ್ಪ ಓಟ ಬೇಕು.

ಪ್ರಶ್ನೆ: ಸರ್, ನಮ್ಮ ಮನೆಯವರದು ಜಿಎಂಸಿ ಸಿಯೆರಾ, 6.2 ಲೀಟರ್. ಪ್ರೀಮಿಯಂ ರೆಕಮೆಂಡೆಡ್ ಅಂತ ಬರೆದಿದೆ. ದುಡ್ಡು ಜಾಸ್ತಿ ಆದರೂ ಮೈಲೇಜ್‌ನಲ್ಲಿ ವಾಪಸ್ ಬರುತ್ತೆ ಅಂತ ಅವರ ವಾದ. ನನಗೆ ನಂಬಿಕೆ ಇಲ್ಲ. ತೀರ್ಪು ಕೊಡಿ!

ಉತ್ತರ: ಮನೆ ಜಗಳಕ್ಕೆ ನನ್ನನ್ನ ಎಳೆಯಬೇಡಿ ಮೇಡಂ. ಲೆಕ್ಕ ಮಾತ್ರ ಹಾಕಿ ಕೊಡುತ್ತೇನೆ, ತೀರ್ಪು ನೀವೇ ಓದಿಕೊಳ್ಳಿ.

ಪ್ರೀಮಿಯಂ ಕಡ್ಡಾಯವಲ್ಲ, ಆದರೆ ಹಾಕಿದರೆ ಒಳ್ಳೆಯದು ಅಂತ ಕಂಪನಿಯೇ ಹೇಳಿದ ಗಾಡಿಗಳನ್ನು ಟ್ರಿಪಲ್ ಎ 2017ರಲ್ಲಿ ಪರೀಕ್ಷೆ ಮಾಡಿತು. ಮೈಲೇಜ್ ಸರಾಸರಿ 2.7 ಪರ್ಸೆಂಟ್ ಏರಿತು. ಎಲ್ಲಕ್ಕಿಂತ ಜಾಸ್ತಿ ಏರಿದ್ದು 2016ರ ಕ್ಯಾಡಿಲಾಕ್ ಎಸ್ಕಲೇಡ್‌ನಲ್ಲಿ, 7.1 ಪರ್ಸೆಂಟ್. ಆ ಎಸ್ಕಲೇಡ್‌ನಲ್ಲಿ ಇದ್ದದ್ದೂ 6.2 ಲೀಟರ್ ವಿ8, ನಿಮ್ಮ ಸಿಯೆರಾ ಎಂಜಿನ್‌ನ ಬಳಗದ್ದೇ. ಅಂದರೆ ನಿಮ್ಮ ಯಜಮಾನರ ಮಾತು ಪೂರ್ತಿ ಗಾಳಿಯಲ್ಲ.

ಈಗ ದುಡ್ಡು. ರೆಗ್ಯುಲರ್ ಗ್ಯಾಲನ್‌ಗೆ 3.20 ಡಾಲರ್, ಪ್ರೀಮಿಯಂ 4 ಡಾಲರ್ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 12,000 ಮೈಲಿ, ರೆಗ್ಯುಲರ್‌ನಲ್ಲಿ ಗ್ಯಾಲನ್‌ಗೆ 18 ಮೈಲಿ. ಸುಮಾರು 667 ಗ್ಯಾಲನ್, 2,133 ಡಾಲರ್ ಆಯಿತು. ಪ್ರೀಮಿಯಂನಲ್ಲಿ ಪೂರ್ತಿ 7.1 ಪರ್ಸೆಂಟ್ ಸಿಕ್ಕಿತು ಅಂತಲೇ ಇಟ್ಟುಕೊಂಡರೂ 622 ಗ್ಯಾಲನ್ ಬೇಕು, ಸುಮಾರು 2,490 ಡಾಲರ್. ಆದರೂ ವರ್ಷಕ್ಕೆ 350 ಡಾಲರ್ ಮೇಲೆಯೇ ಜಾಸ್ತಿ ಹೋಯಿತು. ಬೆಲೆ 25 ಪರ್ಸೆಂಟ್ ಜಾಸ್ತಿ ಇದ್ದರೆ ಮೈಲೇಜೂ 25 ಪರ್ಸೆಂಟ್ ಏರಬೇಕು, ಆಗ ಸಮ. 18 ಇದ್ದದ್ದು 22.5 ಆಗಬೇಕು. ಯಾವ ಪ್ರೀಮಿಯಂನಿಂದಲೂ ಆಗದ ಕೆಲಸ.

ಆದರೂ ಈ ಎಂಜಿನ್‌ಗೆ ನಾನು ಪ್ರೀಮಿಯಂ ಪರವೇ. ಕಂಪ್ರೆಷನ್, ಅಂದರೆ ಸಿಲಿಂಡರ್‌ನಲ್ಲಿ ಮಿಶ್ರಣ ಒತ್ತುವ ಪ್ರಮಾಣ, 11.5ಕ್ಕೆ 1, ಬರೆದಿರುವ ಪವರ್ ಬೇಕಾದರೆ ಅದಕ್ಕೆ 91 ಬೇಕು. 6.2 ತಗೊಳ್ಳುವವರು ಪವರ್‌ಗೆ ಅಂತಲೇ ಜಾಸ್ತಿ ದುಡ್ಡು ಕೊಟ್ಟಿರುತ್ತಾರೆ. ಅದನ್ನು 87ರಲ್ಲಿ ಓಡಿಸುವುದಾದರೆ 5.3 ತಗೊಂಡಿದ್ದರೇ ಆಗುತ್ತಿತ್ತಲ್ಲ! ದೂರದ ಊರಿನ ಪಂಪ್‌ನಲ್ಲಿ 91 ಸಿಗದಿದ್ದರೆ 87 ಹಾಕಿ ನಿಧಾನ ಬನ್ನಿ, ಏನೂ ಆಗಲ್ಲ.

'ಪ್ರೀಮಿಯಂ ರಿಕ್ವೈರ್ಡ್', ಅಂದರೆ ಕಡ್ಡಾಯ, ಅಂತ ಇದ್ದರೆ ಮಾತ್ರ ಆಟ ಆಡಬೇಡಿ. ಅಲ್ಲಿ 87 ಹಾಕುತ್ತಾ ಹೋಗಿ ಎಂಜಿನ್ ಕೆಟ್ಟರೆ ವಾರಂಟಿ ಕೊಡಲು ಕಂಪನಿ ಒಪ್ಪದೇ ಇರಬಹುದು.

ಪ್ರಶ್ನೆ: ಪ್ರೀಮಿಯಂನಲ್ಲಿ ಕ್ಲೀನ್ ಮಾಡೋ ಕೆಮಿಕಲ್ ಜಾಸ್ತಿ ಇರುತ್ತಂತಲ್ಲ? ಅದಕ್ಕಾದರೂ ಆಗಾಗ ಒಂದು ಟ್ಯಾಂಕ್ ಹಾಕಬಹುದಾ?

ಉತ್ತರ: ಅಮೆರಿಕದಲ್ಲಿ ಮಾರುವ ಎಲ್ಲ ಗ್ಯಾಸ್‌ನಲ್ಲೂ 1995ರಿಂದ ಡಿಟರ್ಜೆಂಟ್ ಇರಲೇಬೇಕು. ಆ ಕನಿಷ್ಠ ಮಟ್ಟ ಸಾಲದು ಅಂತ 2004ರಲ್ಲಿ ಕೆಲವು ಕಾರು ಕಂಪನಿಗಳು ಸೇರಿ 'ಟಾಪ್ ಟಿಯರ್' ಅಂತ ಹೊಸ ಗುಣಮಟ್ಟ ತಂದವು. ಆ ಗುರುತು ಬೇಕಾದರೆ ಕಂಪನಿಯವರು ಎಲ್ಲ ಗ್ರೇಡ್‌ಗೂ, ರೆಗ್ಯುಲರ್‌ಗೂ ಸೇರಿಸಿ, ಆ ಮಟ್ಟದ ಡಿಟರ್ಜೆಂಟ್ ಹಾಕಬೇಕು. ಹಾಗಾಗಿ ಸ್ವಚ್ಛತೆ ಬೇಕಾದರೆ ಟಾಪ್ ಟಿಯರ್ ಪಂಪ್‌ನ 87 ಹಾಕಿ. ಕೆಲವು ಬ್ರಾಂಡ್‌ಗಳು ಪ್ರೀಮಿಯಂಗೆ ಇನ್ನೂ ಸ್ವಲ್ಪ ಜಾಸ್ತಿ ಸೇರಿಸುತ್ತವೆ, ನಿಜ. ಅದಕ್ಕೆ ಗ್ಯಾಲನ್‌ಗೆ 80 ಸೆಂಟ್ ಕೊಡುವುದು ನನಗೆ ಸರಿ ಕಾಣಲ್ಲ.

ಇನ್ನೊಂದು ವಿಷಯ. ಡೈರೆಕ್ಟ್ ಇಂಜೆಕ್ಷನ್ ಮಾತ್ರ ಇರುವ ಎಂಜಿನ್‌ಗಳಲ್ಲಿ ಗ್ಯಾಸ್ ನೇರ ಸಿಲಿಂಡರ್‌ಗೇ ಹೋಗುತ್ತೆ. ಇನ್‌ಟೇಕ್ ವಾಲ್ವ್ ಹಿಂಬದಿಗೆ ಅದು ತಾಕುವುದೇ ಇಲ್ಲ. ಅಲ್ಲಿ ಕಟ್ಟಿದ ಕರಿ ಮಸಿಯನ್ನು ಯಾವ ಗ್ರೇಡ್ ಗ್ಯಾಸೂ ತೊಳೆಯಲ್ಲ.

ಪ್ರಶ್ನೆ: ಊರಲ್ಲಿ, ಇಂಡಿಯಾದಲ್ಲಿ, ಸಾದಾ ಪೆಟ್ರೋಲೇ 91 ಆಕ್ಟೇನ್ ಅಂತಿದ್ದರು. ಇಲ್ಲಿ 87. ಇಲ್ಲಿನದು ಕಳಪೇನಾ?

ಉತ್ತರ: ಇಲ್ಲ, ಅಳೆಯುವ ರೀತಿ ಬೇರೆ. ಅಲ್ಲಿ ಹೇಳುವುದು ರಾನ್ (ರಿಸರ್ಚ್ ಆಕ್ಟೇನ್ ನಂಬರ್) ಅನ್ನುವ ಅಳತೆ. ಇಲ್ಲಿ ಪಂಪ್ ಮೇಲಿನ ಹಳದಿ ಚೀಟಿಯಲ್ಲಿ ಇರುವುದು ರಾನ್ ಮತ್ತು ಮಾನ್ (ಮೋಟಾರ್ ಆಕ್ಟೇನ್ ನಂಬರ್) ಎರಡರ ಸರಾಸರಿ. ಮಾನ್ ಪರೀಕ್ಷೆ ಇನ್ನೂ ಕಠಿಣ, ಅದರ ನಂಬರ್ ಕಡಿಮೆ ಬರುತ್ತೆ. ಇಲ್ಲಿನ 87 ಅಂದರೆ ಅಲ್ಲಿನ ಲೆಕ್ಕದಲ್ಲಿ 91-92.

ಪ್ರಶ್ನೆ: ನಂದು ರಾಮ್ 1500, 5.7 ಹೆಮಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುತ್ತೆ. ಗ್ಯಾಸ್ ಸರಿ ಇಲ್ಲ, 93 ಹಾಕು ಅಂದರು ಸ್ನೇಹಿತರು. ಹಾಕ್ತಾ ಇದ್ದೀನಿ, ಸದ್ದು ಹಾಗೇ ಇದೆ.

ಉತ್ತರ: ಹಾಗೇ ಇರುತ್ತೆ. ಅದು ನಾಕಿಂಗ್ ಅಲ್ಲ. ನಾಕಿಂಗ್ ಬರುವುದು ಎಂಜಿನ್ ಬಿಸಿಯಾಗಿ, ಲೋಡ್ ಬಿದ್ದಾಗ. ತಣ್ಣಗಿರುವಾಗ, ಸುಮ್ನೆ ನಿಂತಾಗ ಅಲ್ಲ. ಎಂಜಿನ್ ಬಿಸಿಯಾದ ಮೇಲೆ ಟಿಕ್ ಟಿಕ್ ನಿಂತುಹೋದರೆ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಗೆ ಒಯ್ಯುವ ಕೊಳವೆ) ಬೋಲ್ಟ್ ನೋಡಿಸಿ. ಹೆಮಿಯಲ್ಲಿ ಅವು ಮುರಿಯುವುದು ಮಾಮೂಲಿ, ಸಾಮಾನ್ಯವಾಗಿ ಹಿಂಬದಿಯವು. ಕಬ್ಬಿಣ ಕಾದು ಹಿಗ್ಗಿದಾಗ ಸಂದಿ ಮುಚ್ಚಿಕೊಂಡು ಸದ್ದು ನಿಲ್ಲುತ್ತೆ. ಬಿಸಿಯಾದರೂ ನಿಲ್ಲದಿದ್ದರೆ ಲಿಫ್ಟರ್ ಇರಬಹುದು, ಬೇಗ ತೋರಿಸಿ. ತಡ ಮಾಡಿದರೆ ಕ್ಯಾಮ್‌ಶಾಫ್ಟ್ ಕೂಡ ತಿಂದುಹಾಕುತ್ತೆ.

ಗ್ಯಾಸ್ ವಿಷಯ: ನಿಮ್ಮ ಎಂಜಿನ್‌ಗೆ ಕಂಪನಿ ಹೇಳುವುದು 89, ಮಧ್ಯದ ಬಟನ್. 93 ಬೇಡ.

ಪ್ರಶ್ನೆ: ಇಕೋಬೂಸ್ಟ್‌ನವನು ಮತ್ತೆ ಬಂದೆ ಅಣ್ಣ. ಕೊಲರಾಡೊದಲ್ಲಿ 85 ಅಂತ ಇನ್ನೂ ಅಗ್ಗದ್ದು ಇರುತ್ತೆ. ಎತ್ತರದ ಜಾಗದಲ್ಲಿ ಸಾಕು ಅಂತಾರೆ. ಹೌದಾ?

ಉತ್ತರ: ನಿಮಗಂತೂ ಬೇಡವೇ ಬೇಡ. ಆ 85 ಹಳೇ ಕಾರ್ಬ್ಯುರೇಟರ್ ಕಾಲದ ಪಳೆಯುಳಿಕೆ. ಎತ್ತರದಲ್ಲಿ ಗಾಳಿ ತೆಳು, ಸಿಲಿಂಡರ್‌ಗೆ ಹೋಗುವ ಗಾಳಿ ಕಡಿಮೆ, ಒತ್ತಡ ಕಡಿಮೆ, ಹಾಗಾಗಿ ಆಗಿನ ಎಂಜಿನ್‌ಗಳಿಗೆ ನಡೆಯುತ್ತಿತ್ತು. ನಿಮ್ಮ ಟರ್ಬೊ ಮಾಡುವ ಕೆಲಸವೇ ಆ ಕೊರತೆ ತುಂಬುವುದು. ಐಸೆನ್‌ಹೋವರ್ ಟನಲ್ ಇರುವುದು 11,000 ಅಡಿ ಮೇಲೆ. ಅಲ್ಲಿಗೆ ಟ್ರೈಲರ್ ಎಳೆದುಕೊಂಡು ಹತ್ತುವಾಗ ಟರ್ಬೊ ಪೂರ್ತಿ ದುಡಿಯುತ್ತಿರುತ್ತೆ. ಅಲ್ಲಿನ ಪಂಪ್‌ಗಳಲ್ಲಿ ಇನ್ನೊಂದು ಮೋಸ ಹೋಗುವ ಜಾಗ ಇದೆ: ಮಧ್ಯದ ಬಟನ್ 87, ಅಗ್ಗದ ಬಟನ್ 85. ಅಭ್ಯಾಸದಲ್ಲಿ ಎಡಗಡೆಯದು ಒತ್ತಬೇಡಿ, ನಂಬರ್ ಓದಿ ಒತ್ತಿ.

ಪ್ರಶ್ನೆ: ಎಲ್ಲ ಓದಿದೆ ಸರ್. ಆದರೂ ನನ್ನ ಟ್ರಕ್‌ನಲ್ಲಿ ನಾನೇ ಒಂದು ಸಲ ನೋಡಬೇಕು ಅನ್ನಿಸ್ತಿದೆ. ಹೇಗೆ ಮಾಡಲಿ?

ಉತ್ತರ: ಮಾಡಿ, ಒಳ್ಳೆಯದೇ. ಒಂದು ಟ್ಯಾಂಕ್‌ನಲ್ಲಿ ಏನೂ ಗೊತ್ತಾಗಲ್ಲ. ಹೆಡ್‌ವಿಂಡ್ ಬೀಸಿದರೂ, ಟ್ರಾಫಿಕ್ ಸಿಕ್ಕಿದರೂ ಒಂದು ಮೈಲಿ ಆಚೆ ಈಚೆ ಆಗುತ್ತೆ. ಮೂರು ಟ್ಯಾಂಕ್ 87, ಆಮೇಲೆ ಮೂರು ಟ್ಯಾಂಕ್ 93. ಪ್ರತಿ ಸಲ ಅದೇ ಪಂಪ್, ನಳಿಕೆ ಮೊದಲ ಸಲ ಕಟ್ ಆದಾಗ ನಿಲ್ಲಿಸಿ. ಓಡಿದ ಮೈಲಿಯನ್ನು ರಸೀದಿಯ ಗ್ಯಾಲನ್‌ನಿಂದ ಭಾಗಿಸಿ, ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ನಂಬಬೇಡಿ. 93ರ ಮೊದಲ ಟ್ಯಾಂಕ್ ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ಹಳೆಯದು ಬೆರೆತಿರುತ್ತೆ. ಟೈರ್ ಗಾಳಿ ಮೊದಲೇ ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಅಳೆಯುವುದು ಗ್ಯಾಸನ್ನಲ್ಲ, ಗಾಳಿಯನ್ನು. ರಸೀದಿಗಳನ್ನು ಇಲ್ಲೇ ಹಾಕಿ, ಯಾವ ಎಂಜಿನ್ ಅಂತಲೂ ಬರೆಯಿರಿ. ಲೆಕ್ಕ ನೋಡಿ ಹೇಳುತ್ತೇನೆ.