ಬೂದು ಕುಂಡೆಕುಸ್ಕ ಹಕ್ಕಿಯೋ (ವ್ಯಾಗ್‌ಟೇಲ್) ಹಳದಿಯದೋ? ಸಹಾಯ ಬೇಕು

ನಮಸ್ಕಾರ. ಇವತ್ತು ಬೆಳಿಗ್ಗೆ ತುಮಕೂರಿನ ಮೈದಾಳ ಕೆರೆಯ ಅಂಚಲ್ಲಿ ಬಾಲ ಕುಣಿಸುತ್ತಾ ಓಡಾಡುತ್ತಿದ್ದ ಒಂಟಿ ಕುಂಡೆಕುಸ್ಕ ಸಿಕ್ಕಿತು, ಹೊಟ್ಟೆ ಹಳದಿ, ಬೆನ್ನು ಬೂದಿ ಬಣ್ಣ, ಆದರೆ ಬಿಸಿಲು ಎದುರಿಗಿದ್ದರಿಂದ ಬೆನ್ನಲ್ಲಿ ಸ್ವಲ್ಪ ಹಸಿರು ಇತ್ತೋ ಇಲ್ವೋ ಹೇಳಲಾರೆ. ಬೂದು ಕುಂಡೆಕುಸ್ಕದ ಬಾಲ ಜಾಸ್ತಿ ಉದ್ದ, ಕಾಲು ತಿಳಿ ಬಣ್ಣ. ಹಳದಿಯದಕ್ಕೆ ಕಾಲು ಕಪ್ಪು. ಅಷ್ಟು ಗೊತ್ತು. ನನ್ನ ಫೋಟೋದಲ್ಲಿ ಕಾಲೇ ಕೆಸರಲ್ಲಿ! ಎರಡೂ ಚಳಿಗಾಲಕ್ಕೆ ಬರುವವೇ, ಅಕ್ಟೋಬರ್‌ನಲ್ಲಿ ಯಾವುದೂ ಆಗಬಹುದು ಅಲ್ವಾ? ಸುಮ್ನೆ ಊಹಿಸಿ ಇ-ಬರ್ಡ್‌ಗೆ (ನೋಡಿದ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) ಹಾಕಲು ಮನಸ್ಸಿಲ್ಲ. ಈ ವಾರ ಆ ಕಡೆ ಹೋದವರು ಯಾರಾದರೂ ನೋಡಿದ್ದೀರಾ? ಫೋಟೋ ಕೆಳಗೆ ಹಾಕಿದ್ದೇನೆ, ನಗಬೇಡಿ. ಭಾನುವಾರ ಆರೂವರೆಗೆ ಮತ್ತೆ ಹೋಗುತ್ತೇನೆ, ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ಇರುವವರು ಬಂದರೆ ಟೀ ನನ್ನದು.